ಮುಗ್ಗಟ್ಟಿನ ಕಾಲದ ನ್ಯಾಯಸ್ಥಾನ

1929 ರಲ್ಲಿ ಆರಂಭವಾಗಿ ಜಗತ್ತನ್ನೆಲ್ಲ ಆವರಿಸಿದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಅಮೇರಿಕೆಯ ಸರಕಾರವು, ನಿರುದ್ಯೋಗಿಗಳಿಗೆ ಕೆಲಸ ಸಿಗಲೆಂದು ಊರೂರುಗಳಲ್ಲಿ ರಸ್ತೆ, ಸೇತುವೆ, ಶಾಲೆಗಳನ್ನು ಕಟ್ಟಿಸಿತು. ಅವುಗಳೊಡನೆ ಅಲ್ಲಿಯ ಅನೇಕ ಸಣ್ಣ ಪಟ್ಟಣಗಳಿಗೆ ಭವ್ಯವಾದ ನ್ಯಾಯಮಂದಿರಗಳೂ ದೊರೆತವು. ಅದೇ ಮುಗ್ಗಟ್ಟು ನಮ್ಮ ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿಗಳ ಎರೆಯ ಹೊಲಗಳಿಗೂ ಬಂದಿತ್ತು. ಇಲ್ಲಿಯ ಒಕ್ಕಲಿಗನಿಗೆ ಬೇಕಾದದ್ದು ಹೊಸ ಕಟ್ಟಡವಲ್ಲ. ಇದ್ದ ಕಟ್ಟಡದೊಳಗೆ ತನ್ನ ಮಾತನ್ನು ಕೇಳಿಸಿಕೊಳ್ಳುವ ಕಾಯಿದೆ.

ಇದು ಹತ್ತಿಯ ನಾಡು. ಒಂದೆರಡು ವರುಷಗಳೊಳಗೆ ಬೆಳೆಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಸರಕಾರದ ತೀರ್ವೆಯನ್ನು ಮಾತ್ರ ರೊಕ್ಕದಲ್ಲಿಯೇ ತುಂಬಬೇಕು. ಸಾಲ ತೆಗೆದದ್ದು ಹತ್ತಿ ಏರಿದ ಕಾಲದಲ್ಲಿ. ತೀರಿಸಬೇಕಾದದ್ದು ಇಳಿದ ಕಾಲದಲ್ಲಿ. 1931 ರ ಸಪ್ಟೆಂಬರದಲ್ಲಿ ಇಂಗ್ಲಂಡವು ಬಂಗಾರದ ನಾಣ್ಯಪದ್ಧತಿಯನ್ನು ಕೈಬಿಟ್ಟ ಮೇಲೆ ಬಂಗಾರದ ಬೆಲೆ ಏರಿತು. ಭಾರತದ ಹಳ್ಳಿಹಳ್ಳಿಗಳಿಂದ ಹೆಣ್ಣುಮಕ್ಕಳ ಒಡವೆಗಳು ಕರಗಿ ಹಡಗು ಹತ್ತಿ ಹೋದವು. ಈ ಲೆಕ್ಕವನ್ನು ಬರೆಯುವವರು ಅದನ್ನು 'ರಫ್ತು' ಎಂದು ಕರೆಯುತ್ತಾರೆ!

ಒಡವೆ ತೀರಿದ ಮೇಲೆ ಉಳಿದದ್ದು ಹೊಲ. ಸಾಲ ಕೊಡುವಾಗ ಗಹಾಣಪತ್ರದ ಬದಲು ಖರೀದಿಪತ್ರವನ್ನೇ ಬರೆಯಿಸಿಕೊಳ್ಳುವ ಸಾವಕಾರರಿದ್ದರು. ಹಣ ಮುಟ್ಟಿಸಿದ ದಿನ ಹೊಲವನ್ನು ತಿರುಗಿ ಕೊಡುವ ಮಾತು ಬಾಯಿಂದ ಮಾತ್ರ ಆಗಿರುತ್ತಿತ್ತು. ಮುಂದೆ ವ್ಯಾಜ್ಯವು ಕೋರ್ಟಿಗೆ ಬಂದರೆ ನ್ಯಾಯಾಧೀಶನು ಕಾಗದವನ್ನು ನೋಡಬೇಕು. 1872 ರ ಸಾಕ್ಷ್ಯದ ಕಾಯಿದೆಯಂತೆ, ಬರೆದ ಪತ್ರದ ಕರಾರಿಗೆ ವಿರುದ್ಧವಾಗಿ ಬಾಯಿಮಾತಿನ ಕರಾರನ್ನು ಸಾಮಾನ್ಯವಾಗಿ ಒಪ್ಪುವಂತಿರಲಿಲ್ಲ. ಊರೆಲ್ಲ ಬಲ್ಲ ಸಂಗತಿಯು ನ್ಯಾಯಾಸನದ ಮುಂದೆ ಮೂಕವಾಗುತ್ತಿತ್ತು.

ಈ ತೊಡಕನ್ನು ಬಿಡಿಸಲೆಳಸಿದ್ದು 1939 ರ ಮುಂಬಯಿ ಒಕ್ಕಲುತನದ ಸಾಲಗಾರರ ಪರಿಹಾರದ ಕಾಯಿದೆ. ಅದು ಸಾಲ ಹೊಂದಾಣಿಕೆಯ ಮಂಡಲಗಳನ್ನು ನಿರ್ಮಿಸಿತು. ವ್ಯವಹಾರದ ಹಿಂದಿನ ಲೆಕ್ಕವನ್ನೆಲ್ಲ ಬಿಚ್ಚಿ ನೋಡುವದು, ಸಾಲವನ್ನು ತಗ್ಗಿಸುವದು, ವರುಷಕ್ಕಿಷ್ಟೆಂದು ಕಂತು ಕಟ್ಟಿಕೊಡುವದು ಅವುಗಳ ಕೆಲಸ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಹೆಸರಿಗೆ ಖರೀದಿಯಾದದ್ದು ನಿಜಕ್ಕೆ ಗಹಾಣವೇ ಎಂದು ಸಾರುವ ಅಧಿಕಾರ. ಆದರೆ ಆ ವರುಷವೇ ಯುದ್ಧ ಹತ್ತಿತು. ಬಾಳಾಸಾಹೇಬ ಖೇರರ ಮಂತ್ರಿಮಂಡಲವು ರಾಜೀನಾಮೆ ಕೊಟ್ಟಿತು. ಕಾಯಿದೆಯು ನೆಲಕ್ಕಿಳಿಯಲು ತಡವಾಯಿತು. 1947 ರಲ್ಲಿ ಅದನ್ನು ತಿದ್ದಿ ಹೊಸ ಕಾಯಿದೆ ಮಾಡಿದಾಗ ಮಂಡಲಗಳು ಹೋಗಿ, ಆ ಕೆಲಸವು ದಿವಾಣಿ ಕೋರ್ಟುಗಳಿಗೇ ಬಂದಿತು. ಹಿಂದೆ ಖರೀದಿಪತ್ರವನ್ನು ಎತ್ತಿಹಿಡಿದ ಕೋರ್ಟಿನಲ್ಲಿಯೇ ಈಗ ಅದರ ನಿಜರೂಪವನ್ನು ವಿಚಾರಿಸುವದಾಯಿತು. ಸಾವಕಾರರು ಹೊಸ ಸಾಲಕ್ಕೆ ಕೈ ಬಿಗಿಹಿಡಿದರೆಂಬ ದೂರೂ ಇತ್ತು. ಅದನ್ನು ತೀರ ಅಲ್ಲಗಳೆಯಲಾಗದು.

ಕುಂದಗೋಳದವರ ಅವಸ್ಥೆ ಬೇರೆ. ಹುಬ್ಬಳ್ಳಿಗೆ ಮಗ್ಗುಲಲ್ಲಿದ್ದರೂ ಅದು ದೂರದ ಜಮಖಂಡಿ ಸಂಸ್ಥಾನದ ತಾಲೂಕು. ಮುಂಬಯಿಯ ಕಾಯಿದೆಯು ಆ ಸೀಮೆಯ ಕಲ್ಲನ್ನು ತಾನಾಗಿ ದಾಟುತ್ತಿರಲಿಲ್ಲ. ಒಂದೇ ಪೇಟೆಗೆ ಹತ್ತಿ ಒಯ್ಯುವ, ಹೆಣ್ಣು ಕೊಟ್ಟು ತರುವ ನೆರೆಯೂರುಗಳಲ್ಲಿ ಎರಡು ನ್ಯಾಯ. 1948 ರ ಮಾರ್ಚ 8 ರಂದು ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅನಂತರವೇ ಕುಂದಗೋಳವು ಧಾರವಾಡ ಜಿಲ್ಲೆಗೆ ಸೇರಿತು.