ಕೆಸರಿನ ಮೀನು ಉಸಿರಾಡುವ ಬಗೆ

ಮೋಡ ಕವಿದ ಸೆಕೆಯ ದಿನಗಳಲ್ಲಿ ಬೆಳಗಿನ ಜಾವ ಕೆರೆಯ ದಂಡೆಗೆ ಹೋದವರಿಗೆ ನೂರಾರು ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿರುವ ದೃಶ್ಯ ಕೆಲವೊಮ್ಮೆ ಕಾಣಸಿಗುತ್ತದೆ. ಅವು ಆಹಾರಕ್ಕಾಗಿ ಬಂದಿವೆಯೆಂದು ಭಾವಿಸುವವರುಂಟು. ವಾಸ್ತವವಾಗಿ ಅವು ಉಸಿರು ಕಟ್ಟಿ ಒದ್ದಾಡುತ್ತಿರುತ್ತವೆ.

ಗಾಳಿಯಲ್ಲಿ ಶೇಕಡಾ 21ರಷ್ಟು ಆಮ್ಲಜನಕವಿದೆ. ಆದರೆ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಕರಗಿಸಿಕೊಳ್ಳಬಲ್ಲುದು ಸುಮಾರು 7.5 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಈ ಪ್ರಮಾಣ ತಗ್ಗುತ್ತದೆ. ಹಗಲಿನಲ್ಲಿ ಆಮ್ಲಜನಕವನ್ನು ಒದಗಿಸುವ ಪಾಚಿ ಮತ್ತು ಜಲಸಸ್ಯಗಳು ರಾತ್ರಿ ತಾವೂ ಅದನ್ನು ಬಳಸತೊಡಗುವುದರಿಂದ ಸೂರ್ಯೋದಯಕ್ಕೆ ಮುನ್ನ ಕೊರತೆ ತೀವ್ರವಾಗಿರುತ್ತದೆ. ತಳದ ಸ್ಥಿತಿಯಂತೂ ಇನ್ನೂ ಕಠಿಣ. ಬೆಳಕು ಅಲ್ಲಿಗೆ ಅಷ್ಟಾಗಿ ಇಳಿಯದು. ಕೊಳೆಯುವ ಎಲೆ, ಸಗಣಿ, ಚರಂಡಿಯ ಕಶ್ಮಲಗಳನ್ನು ವಿಘಟಿಸುವ ಬ್ಯಾಕ್ಟೀರಿಯಾಗಳು ಇರುವಷ್ಟು ಆಮ್ಲಜನಕವನ್ನೂ ಹೀರಿಬಿಡುತ್ತವೆ.

ತಳದಲ್ಲಿ ಮೇಯುವ ಮೃಗಾಲ್ ಇಂತಹ ಸಂದರ್ಭದಲ್ಲಿ ಓಡಾಟವನ್ನು ತಗ್ಗಿಸಿ, ಕಿವಿರುಗಳ ಮೂಲಕ ಹೆಚ್ಚು ನೀರನ್ನು ಹಾಯಿಸಿ ಕೆಲಕಾಲ ತಾಳಿಕೊಳ್ಳುತ್ತದೆ. ಕೊರತೆ ಮುಂದುವರಿದರೆ ಅದರ ಉಪಾಯ ಮುಗಿದಂತೆ.

ಕೆಸರಿನಲ್ಲೇ ಬಾಳುವ ಮಾಗೂರ್ ಮೀನಿನ ಮಾರ್ಗವೇ ಬೇರೆ. ಅದರ ಕಿವಿರುಗಳ ಮೇಲ್ಭಾಗದಲ್ಲೊಂದು ಗಾಳಿಯ ಕೋಣೆಯಿದೆ. ಅದರೊಳಗೆ ಪುಟ್ಟ ಗಿಡದಂತೆ ಕವಲೊಡೆದ, ರಕ್ತನಾಳಗಳಿಂದ ತುಂಬಿದ ಅಂಗಗಳಿವೆ. ಮೀನು ಆಗಾಗ್ಗೆ ಮೇಲೆ ಬಂದು ಒಂದು ಗುಟುಕು ಗಾಳಿಯನ್ನು ಎಳೆದುಕೊಂಡು ಮತ್ತೆ ಕೆಸರಿಗಿಳಿಯುತ್ತದೆ. ಇದರ ಬಂಧುವಾದ ಸಿಂಘಿ ಮೀನಿನಲ್ಲಿ ಈ ಕೋಣೆ ಎರಡು ಉದ್ದನೆಯ ಕೊಳವೆಗಳಾಗಿ ಬಾಲದ ಕಡೆಗೆ ಚಾಚಿಕೊಂಡಿದೆ. ಕೆಲವು ಜಾತಿಯ ಲೋಚ್ ಮೀನುಗಳಾದರೋ ಗಾಳಿಯನ್ನು ನುಂಗಿ ಕರುಳಿನಿಂದಲೇ ಆಮ್ಲಜನಕವನ್ನು ಪಡೆಯುತ್ತವೆ. ಕರುಳಿಗೆ ಇಂತಹ ಕೆಲಸವೂ ಒದಗೀತೆಂದು ಯಾರೂ ಊಹಿಸಲಾರರು!

ಇಲ್ಲೊಂದು ತೊಡಕಿದೆ. ಗಾಳಿಯಿಂದ ಆಮ್ಲಜನಕ ಪಡೆದ ರಕ್ತ ಕಿವಿರುಗಳಲ್ಲಿ ಹಾಯುವಾಗ, ಆಮ್ಲಜನಕವಿಲ್ಲದ ನೀರಿಗೆ ಅದು ಸೋರಿಹೋಗಬಹುದು. ಗಾಳಿ ಸೇವಿಸುವ ಅನೇಕ ಮೀನುಗಳ ಕಿವಿರು ಕಿರಿದಾಗಿರುವುದು ಈ ನಷ್ಟವನ್ನು ತಗ್ಗಿಸುತ್ತದೆ. ಆದರೂ ಕಿವಿರು ಅನಗತ್ಯವಲ್ಲ. ಇಂಗಾಲದ ಡೈಆಕ್ಸೈಡ್ ಬಹುಮಟ್ಟಿಗೆ ಅದರ ಮೂಲಕವೇ ನೀರಿಗೆ ಹೊರಹೋಗುತ್ತದೆ. ಹೈದರಾಬಾದಿನ ಮಾರುಕಟ್ಟೆಯಲ್ಲಿ ಜೀವಂತವಾಗಿ ಮಾರಾಟವಾಗುವ ಮುರ್ರೆಲ್ ಮೀನು ಗಾಳಿಯನ್ನು ಎಷ್ಟು ಅವಲಂಬಿಸಿದೆಯೆಂದರೆ, ಮೇಲೆ ಬರದಂತೆ ತಡೆದರೆ ನೀರಿನಲ್ಲಿದ್ದೂ ಉಸಿರುಗಟ್ಟಿ ಸಾಯುತ್ತದೆ.

ಆದಕಾರಣ ಕೆರೆಯಲ್ಲಿ ಮಾಗೂರ್ ಬದುಕಿದೆಯೆಂಬುದು ನೀರು ಚೆನ್ನಾಗಿದೆಯೆಂಬುದಕ್ಕೆ ಸಾಕ್ಷಿಯಾಗಲಾರದು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ನೀರಿನಲ್ಲಿ ಆಮ್ಲಜನಕ ಕುಸಿದುದೇ ಇದಕ್ಕೆ ಕಾರಣವೆಂದು ಹೇಳಲಾಯಿತು. ಸಾಕಣೆಯ ಕೊಳಗಳಲ್ಲಿ ರೋಹು, ಮೃಗಾಲ್ ಮೀನುಗಳು ಮುಂಜಾನೆ ಬಾಯಿ ತೆರೆಯುತ್ತ ಮೇಲೆ ಬಂದರೆ ಕೂಡಲೇ ಆಹಾರ ಮತ್ತು ಗೊಬ್ಬರ ಹಾಕುವುದನ್ನು ನಿಲ್ಲಿಸಿ, ಹೊಸ ನೀರನ್ನು ಎತ್ತರದಿಂದ ಚಿಮುಕಿಸಬೇಕು ಅಥವಾ ಗಾಳಿ ಬೆರೆಸುವ ಯಂತ್ರವನ್ನು ಚಾಲನೆ ಮಾಡಬೇಕು. ತಳದ ಕೆಸರನ್ನು ಆಗ ಕದಡಕೂಡದು.