ಫುಟ್ ಏಕೆ ಫೀಟ್ ಆಯಿತು?

ಇಂಗ್ಲಿಷ್ ಕಲಿಯತೊಡಗಿದ ವಿದ್ಯಾರ್ಥಿಯು ಒಂದಲ್ಲ ಒಂದು ದಿನ ಈ ಪೇಚಿಗೆ ಸಿಲುಕಿಯೇ ಇರುತ್ತಾನೆ. ‘ಬುಕ್’ ಎಂಬುದರ ಬಹುವಚನ ‘ಬುಕ್ಸ್’. ಹಾಗಾದರೆ ‘ಫುಟ್’ ಎಂಬುದರ ಬಹುವಚನ ‘ಫುಟ್ಸ್’ ಆಗಬೇಕಷ್ಟೆ? ಹಾಗೆ ಬರೆದ ಕೂಡಲೆ ಉಪಾಧ್ಯಾಯರ ಕೆಂಪು ಮಸಿ ಅದರ ಮೇಲೆ ಗೆರೆ ಎಳೆಯುತ್ತದೆ. ಅದು ‘ಫೀಟ್’. ‘ಮೌಸ್’ ಎಂಬುದು ‘ಮೈಸ್’ ಆಗುತ್ತದೆ. ‘ಸಿಂಗ್’ ಎಂಬ ಕ್ರಿಯಾಪದವು ‘ಸ್ಯಾಂಗ್’, ‘ಸಂಗ್’ ಎಂದು ರೂಪ ಬದಲಿಸುತ್ತದೆ. ‘ಡಿವೈನ್’ ಎಂಬುದರಿಂದ ಹುಟ್ಟಿದ ನಾಮಪದವನ್ನು ‘ಡಿವಿನಿಟಿ’ ಎಂದು ಉಚ್ಚರಿಸಬೇಕು. ನಾವೂ ಇವನ್ನೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿದವರೇ. ಕಾರಣ ಕೇಳಿದರೆ ‘ಅದು ಹಾಗೆಯೇ’ ಎಂಬ ಉತ್ತರ ದೊರೆಯುತ್ತಿತ್ತು.

ಈ ಉತ್ತರದಿಂದ ಎರಡು ಹಾನಿಗಳುಂಟು. ಇಂಗ್ಲಿಷ್ ಎಂಬುದು ಕಟ್ಟುಕಟ್ಟಳೆಯಿಲ್ಲದ ಭಾಷೆ ಎಂಬ ತಪ್ಪು ಭಾವನೆ ಬೇರೂರುವುದು ಒಂದು. ತಪ್ಪು ಬರೆದ ವಿದ್ಯಾರ್ಥಿಯು ತನಗೇ ಬುದ್ಧಿ ಸಾಲದೆಂದು ಕುಗ್ಗುವುದು ಇನ್ನೊಂದು. ವಾಸ್ತವವಾಗಿ ಈ ಸ್ವರಭೇದಗಳು ಯಾರ ಮನಸೋ ಇಚ್ಛೆಯಿಂದಲೂ ಹುಟ್ಟಿದುವಲ್ಲ. ಅವುಗಳ ಹಿಂದೆ ಮೂರು ಬೇರೆ ಬೇರೆ ಕಾಲಗಳಲ್ಲಿ ನಡೆದ ಮೂರು ಬೇರೆ ಬೇರೆ ಘಟನೆಗಳಿವೆ.

ಅತ್ಯಂತ ಹಳೆಯದು

೧೭೮೬ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ಸರ್ ವಿಲಿಯಂ ಜೋನ್ಸ್ ಅವರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸೂಚಿಸಿದರು. ಇಂಗ್ಲಿಷ್ ಭಾಷೆಯೂ ಇದೇ ಕುಟುಂಬಕ್ಕೆ ಸೇರಿದುದು. ಆ ಮೂಲಭಾಷೆಯಲ್ಲಿ ಧಾತುವಿನೊಳಗಣ ಸ್ವರವು ಸಂದರ್ಭಕ್ಕೆ ತಕ್ಕಂತೆ ಪೂರ್ಣವಾಗಿಯೋ ಕ್ಷೀಣವಾಗಿಯೋ ಇರುತ್ತಿತ್ತು. ಉಚ್ಚಾರಣೆಯ ಒತ್ತು ಧಾತುವನ್ನು ಬಿಟ್ಟು ಪ್ರತ್ಯಯಕ್ಕೆ ಸರಿದಾಗ ಧಾತುವಿನ ಸ್ವರವು ಸೊರಗುತ್ತಿತ್ತು ಎಂಬುದು ವಿದ್ವಾಂಸರ ಊಹೆ.

ಸಂಸ್ಕೃತವನ್ನು ಬಲ್ಲವರಿಗೆ ಇದು ಹೊಸ ಸಂಗತಿಯೇನಲ್ಲ. ‘ಭಿದ್’ ಧಾತುವಿನಿಂದ ‘ಭಿನ್ನ’ ಎಂಬ ರೂಪವೂ ‘ಭೇದ’ ಎಂಬ ರೂಪವೂ ಹುಟ್ಟುತ್ತವೆ. ಪಾಣಿನಿಯು ಈ ಬಗೆಯ ವ್ಯತ್ಯಾಸಗಳನ್ನೇ ಗುಣ, ವೃದ್ಧಿ ಎಂಬ ಹೆಸರುಗಳಿಂದ ಸೂತ್ರಬದ್ಧಗೊಳಿಸಿದನು. ಇಂಗ್ಲಿಷಿನ ‘ಬೈಟ್’, ಅಂದರೆ ಕಚ್ಚು ಎಂಬ ಪದವು ಇದೇ ‘ಭಿದ್’ ಧಾತುವಿನ ಒಡಹುಟ್ಟು. ‘ಭೇದ’ದಲ್ಲಿರುವ ಪೂರ್ಣಸ್ವರವು ‘ಬೈಟ್’ನಲ್ಲಿದೆ, ‘ಭಿನ್ನ’ದಲ್ಲಿರುವ ಕ್ಷೀಣಸ್ವರವು ‘ಬಿಟನ್’ನಲ್ಲಿದೆ. ಸಿಂಗ್, ಸ್ಯಾಂಗ್, ಸಂಗ್ ಎಂಬ ಮಾಲೆಯೂ ಇದೇ ಪುರಾತನ ಪದ್ಧತಿಯ ಅವಶೇಷ. ಜರ್ಮನ್ ವಿದ್ವಾಂಸರು ಇದನ್ನು ‘ಆಬ್‌ಲೌಟ್’ ಎಂದು ಕರೆದರು. ನಾವು ಸ್ವರಶ್ರೇಣಿ ಎನ್ನಬಹುದು.

ನಾಲಗೆಯ ಮುಂದಾಲೋಚನೆ

ಎರಡನೆಯ ಘಟನೆ ನಡೆದದ್ದು ಇಂಗ್ಲಿಷ್ ಭಾಷೆ ಬರಹಕ್ಕೆ ಇಳಿಯುವ ಮುನ್ನ, ಸುಮಾರು ೬ನೆಯ ಶತಮಾನದ ಆಸುಪಾಸಿನಲ್ಲಿ. ಆಗ ಪಾದಕ್ಕೆ ‘ಫೋಟ್’ ಎಂಬ ಹೆಸರಿತ್ತು. ಅದರ ಬಹುವಚನವು ‘ಫೋಟಿ’ ಎಂಬಂತಿತ್ತು. ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಿ ನೋಡಬಹುದು. ‘ಓ’ ಎನ್ನುವಾಗ ನಾಲಗೆಯು ಹಿಂದಕ್ಕೆ ಸರಿದು ತುಟಿಗಳು ದುಂಡಗಾಗುತ್ತವೆ. ‘ಈ’ ಎನ್ನುವಾಗ ನಾಲಗೆಯು ಮುಂದಕ್ಕೆ ಬಂದು ಮೇಲೇಳುತ್ತದೆ. ‘ಫೋಟಿ’ ಎಂದು ವೇಗವಾಗಿ ನುಡಿಯುವವನ ನಾಲಗೆಯು ಕೊನೆಯ ಇಕಾರಕ್ಕೆ ಮೊದಲೇ ಸಿದ್ಧವಾಗಲು ಹವಣಿಸುತ್ತದೆ. ಹೀಗೆ ತಲೆಮಾರುಗಳು ಕಳೆದಂತೆ ಓಕಾರವು ಬಾಯಿಯ ಮುಂಭಾಗಕ್ಕೆ ಸರಿಯಿತು. ಬಳಿಕ ತುಟಿಯ ದುಂಡುತನವನ್ನೂ ಕಳೆದುಕೊಂಡು ಏಕಾರವಾಯಿತು. ಅಷ್ಟು ಹೊತ್ತಿಗೆ ಕೊನೆಯ ಇಕಾರವು ಬಿದ್ದುಹೋಗಿತ್ತು. ಉಳಿದದ್ದು ‘ಫೋಟ್’ ಮತ್ತು ‘ಫೇಟ್’ ಮಾತ್ರ. ನಡೆದವನು ಮರೆಯಾಗಿ ಹೆಜ್ಜೆಯ ಗುರುತು ಮಾತ್ರ ಉಳಿದಂತೆ!

ಇದಕ್ಕೆ ‘ಉಮ್‌ಲೌಟ್’ ಎಂದು ಹೆಸರು. ೧೮೧೯ರಿಂದ ಮೊದಲ್ಗೊಂಡು ಪ್ರಕಟವಾದ ತನ್ನ ಜರ್ಮನ್ ವ್ಯಾಕರಣದಲ್ಲಿ ಈ ಬಗೆಯ ಸ್ವರಭೇದಗಳನ್ನು ವಿವೇಚಿಸಿದ ಯಾಕೋಬ್ ಗ್ರಿಮ್, ನಾವೆಲ್ಲ ಬಲ್ಲ ಗ್ರಿಮ್ ಸೋದರರ ಕಥೆಗಳ ಸಂಗ್ರಾಹಕರಲ್ಲಿ ಒಬ್ಬನು. ಗೂಸ್–ಗೀಸ್, ಟೂತ್–ಟೀತ್, ಮ್ಯಾನ್–ಮೆನ್ ಎಂಬ ಜೋಡಿಗಳೆಲ್ಲ ಇದರ ಫಲ. ಬಹುವಚನಗಳಷ್ಟೇ ಅಲ್ಲ, ಫುಲ್–ಫಿಲ್, ಫೂಡ್–ಫೀಡ್, ಬ್ಲಡ್–ಬ್ಲೀಡ್, ಸ್ಟ್ರಾಂಗ್–ಸ್ಟ್ರೆಂಗ್ತ್ ಎಂಬುವೂ ಇದೇ ಸಾಲಿಗೆ ಸೇರುತ್ತವೆ. ಇವುಗಳ ಎರಡನೆಯ ಪದಗಳಲ್ಲಿ ಒಮ್ಮೆ ಇಕಾರ ಇಲ್ಲವೆ ಯಕಾರ ಇದ್ದ ಪ್ರತ್ಯಯವಿತ್ತು.

ನಮ್ಮ ಕನ್ನಡವೂ ಈ ನಿಯಮದಿಂದ ಹೊರತಲ್ಲ. ತಮಿಳಿನ ‘ಸೆವಿ’, ತೆಲುಗಿನ ‘ಚೆವಿ’ ಕನ್ನಡದಲ್ಲಿ ‘ಕಿವಿ’ ಆಗಿರುವುದನ್ನು ನೋಡಿರಿ. ಮೂಲದ್ರಾವಿಡದ ಎಕಾರವನ್ನು ಮುಂದಿನ ಅಕ್ಷರದ ಇಕಾರವು ತನ್ನತ್ತ ಸೆಳೆದುಕೊಂಡಿತು. ಆದರೆ ಸೆಳೆದ ಸ್ವರವು ನಮ್ಮಲ್ಲಿ ಇನ್ನೂ ಕಣ್ಣಿಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಅದು ಅಳಿದುಹೋಗಿದೆ. ಅಲ್ಲಿನ ವಿದ್ಯಾರ್ಥಿಗೆ ಒಗಟಾಗಿ ತೋರುವುದಕ್ಕೆ ಇದೇ ಕಾರಣ.

ಮಹಾಸ್ವರಪಲ್ಲಟ

ಮೂರನೆಯ ಘಟನೆಯು ಸುಮಾರು ೧೪೦೦ರಿಂದ ೧೭೦೦ರವರೆಗೆ ನಡೆಯಿತು. ಈ ಅವಧಿಯಲ್ಲಿ ಇಂಗ್ಲಿಷಿನ ದೀರ್ಘಸ್ವರಗಳೆಲ್ಲವೂ ಏಣಿಯ ಮೆಟ್ಟಿಲು ಹತ್ತಿದಂತೆ ಒಂದೊಂದು ಸ್ಥಾನ ಮೇಲೇರಿದುವು. ಆಕಾರವು ಏಕಾರದತ್ತ ಸರಿಯಿತು, ಏಕಾರವು ಈಕಾರವಾಯಿತು, ಓಕಾರವು ಊಕಾರವಾಯಿತು. ಏಣಿಯ ತುದಿಯಲ್ಲಿದ್ದ ಈಕಾರ, ಊಕಾರಗಳಿಗೆ ಏರಲು ಸ್ಥಳವಿಲ್ಲದೆ ಅವು ಕ್ರಮವಾಗಿ ‘ಐ’, ‘ಔ’ ಎಂಬ ಸಂಧ್ಯಕ್ಷರಗಳಾಗಿ ಒಡೆದುವು. ೧೪೦೦ರಲ್ಲಿ ತೀರಿಕೊಂಡ ಕವಿ ಚಾಸರನ ಕಾಲದಲ್ಲಿ ಹೆಸರಿಗೆ ‘ನಾಮೆ’ ಎಂದೂ ಮನೆಗೆ ‘ಹೂಸ್’ ಎಂದೂ ಹೇಳುತ್ತಿದ್ದರು. ಅವೇ ಇಂದಿನ ‘ನೇಮ್’, ‘ಹೌಸ್’. ಆಗಿನ ‘ಮೂಸ್’ ಎಂಬುದೇ ಇಂದಿನ ‘ಮೌಸ್’. ಅದಕ್ಕೂ ನಮ್ಮ ‘ಮೂಷಕ’ಕ್ಕೂ ಇರುವ ನಂಟು ಈಗ ಸ್ಪಷ್ಟವಾಗುತ್ತದೆ. ‘ಫೋಟ್–ಫೇಟ್’ ಜೋಡಿಯೂ ಈ ಪಲ್ಲಟದಲ್ಲಿ ‘ಫೂಟ್–ಫೀಟ್’ ಆಯಿತು. ಆಮೇಲೆ ‘ಫೂಟ್’ ಹ್ರಸ್ವವಾಗಿ ‘ಫುಟ್’ ಎಂದು ನಿಂತಿತು.

ಹೀಗೇಕಾಯಿತು ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಇನ್ನೂ ಏಕಾಭಿಪ್ರಾಯವಿಲ್ಲ. ೧೯೦೯ರಲ್ಲಿ ಇದಕ್ಕೆ ಮಹಾಸ್ವರಪಲ್ಲಟ ಎಂಬ ಅರ್ಥದ ಹೆಸರನ್ನಿತ್ತವನು ಡೆನ್ಮಾರ್ಕಿನ ಭಾಷಾವಿಜ್ಞಾನಿ ಓಟೊ ಯೆಸ್ಪರ್ಸನ್. ಈ ಪಲ್ಲಟವು ನಡೆಯುತ್ತಿದ್ದಾಗಲೇ, ೧೪೭೬ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರವನ್ನು ತಂದನು. ಕಾಗುಣಿತವು ಅಚ್ಚಿನಲ್ಲಿ ಬರಬರುತ್ತ ಸ್ಥಿರವಾಯಿತು. ಉಚ್ಚಾರಣೆ ಮಾತ್ರ ಮುಂದೆ ಸಾಗಿತು. ಇಂಗ್ಲಿಷಿನಲ್ಲಿ ಬರಹ ಒಂದು, ಓದು ಇನ್ನೊಂದು ಎಂದು ನಾವು ದೂರುವುದಕ್ಕೆ ಇದೊಂದು ಮುಖ್ಯ ಕಾರಣ.

ಇನ್ನು ‘ಡಿವೈನ್’, ‘ಡಿವಿನಿಟಿ’ಗಳ ಒಗಟನ್ನು ಬಿಡಿಸುವುದು ಸುಲಭ. ಪಲ್ಲಟವು ಸೋಕಿದ್ದು ದೀರ್ಘಸ್ವರಗಳಿಗೆ. ಹ್ರಸ್ವಸ್ವರಗಳು ಅದರಲ್ಲಿ ಭಾಗಿಯಾಗಲಿಲ್ಲ. ಸ್ವರದ ಮುಂದೆ ಇನ್ನೂ ಎರಡು ಅಕ್ಷರಗಳು ಬಂದು ಪದವು ಉದ್ದವಾದಾಗಲೂ, ಎರಡು ವ್ಯಂಜನಗಳು ಒತ್ತಾಗಿ ಬಂದಾಗಲೂ ದೀರ್ಘವನ್ನು ಹ್ರಸ್ವ ಮಾಡುವ ವಾಡಿಕೆಯು ಅದಕ್ಕೆ ಮೊದಲೇ ಇತ್ತು. ಆದುದರಿಂದ ‘ಡಿವೀನ್’ ಎಂಬುದರ ಈಕಾರವು ‘ಐ’ ಆಯಿತು. ‘ಡಿವಿನಿಟಿ’ಯ ಹ್ರಸ್ವ ಇಕಾರವು ಇದ್ದಂತೆಯೇ ಉಳಿಯಿತು. ನೇಚರ್–ನ್ಯಾಚುರಲ್, ಕೀಪ್–ಕೆಪ್ಟ್, ವೈಸ್–ವಿಸ್ಡಮ್, ಫೈವ್–ಫಿಫ್ಟಿ ಎಂಬ ಜೋಡಿಗಳ ಗುಟ್ಟೂ ಇದೇ.

ಕೆಂಪು ಮಸಿಯ ವಿಚಾರ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಹಳೆಯ ಇಂಗ್ಲಿಷಿನಲ್ಲಿ ಪುಸ್ತಕಕ್ಕೆ ‘ಬೋಕ್’ ಎಂದೂ ಪುಸ್ತಕಗಳಿಗೆ ‘ಬೇಚ್’ ಎಂದೂ ಹೆಸರಿದ್ದಿತು. ‘ಫೋಟ್–ಫೇಟ್’ ಜೋಡಿಯ ಮಾರ್ಗವನ್ನೇ ಅನುಸರಿಸಿದ್ದರೆ ಇಂದು ನಾವು ಪುಸ್ತಕಗಳನ್ನು ‘ಬೀಚ್’ ಎನ್ನಬೇಕಾಗಿತ್ತು! ಆದರೆ ಇಂಗ್ಲಿಷರೇ ಆ ರೂಪವನ್ನು ಕೈಬಿಟ್ಟು, ಇತರ ಪದಗಳನ್ನು ನೋಡಿ, ಸಕಾರವನ್ನು ಹಚ್ಚಿ ‘ಬುಕ್ಸ್’ ಮಾಡಿಕೊಂಡರು. ಕಾಲು, ಹಲ್ಲು, ಇಲಿ, ಮನುಷ್ಯ ಇವು ದಿನವೂ ಮಕ್ಕಳ ಕಿವಿಗೆ ಬೀಳುವ ಮಾತುಗಳಾದುದರಿಂದ ಅವುಗಳ ಹಳೆಯ ಬಹುವಚನಗಳು ಬದುಕಿಕೊಂಡುವು.

ಹೀಗಿರಲು, ‘ಫುಟ್ಸ್’ ಎಂದು ಬರೆದ ಬಾಲಕನು ಮಾಡಿದ್ದೇನು? ಇಂಗ್ಲಿಷರು ‘ಬುಕ್’ ಪದಕ್ಕೆ ಮಾಡಿದ್ದನ್ನೇ ಅವನು ‘ಫುಟ್’ ಪದಕ್ಕೆ ಮಾಡಿದನು. ಅವನ ಉತ್ತರವು ಇಂದಿನ ಬಳಕೆಗೆ ತಪ್ಪು, ನಿಜ. ಪರೀಕ್ಷೆಯಲ್ಲಿ ಅಂಕ ಹೋಗುವುದೂ ನಿಜ. ಆದರೆ ಅವನ ತರ್ಕದಲ್ಲಿ ದೋಷವಿಲ್ಲ. ತಿದ್ದುವ ಉಪಾಧ್ಯಾಯರು ಕೆಂಪು ಗೆರೆಯ ಜೊತೆಗೆ ‘ಫೋಟಿ’ಯ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿದರೆ, ಅವನು ಆ ರೂಪವನ್ನು ಎಂದಿಗೂ ಮರೆಯಲಾರನೆಂದು ನಾವು ನಂಬುತ್ತೇವೆ.