ಬೆನ್ನುಹುರಿಗೆ ಹೊಸ ಚಿಕಿತ್ಸೆ: ದುಡ್ಡು ಕಟ್ಟುವ ಮುನ್ನ ಏನು ಕೇಳಬೇಕು?

ಹೈದರಾಬಾದಿನ ಮಣಿಕೊಂಡದಲ್ಲಿ ಎತ್ತರದ ಕಟ್ಟಡಗಳ ಸಾರುವೆ ಹತ್ತಿ ದುಡಿಯುವವರಿಗಾಗಲಿ, ಬೈಕಿನಲ್ಲಿ ಗಚ್ಚಿಬೌಲಿಯ ಆಫೀಸಿಗೆ ಹೋಗುವವರಿಗಾಗಲಿ ಬೆನ್ನುಹುರಿಗೆ ಪೆಟ್ಟು ಬೀಳಲು ಒಂದು ಕ್ಷಣ ಸಾಕು. ಭಾರತದಲ್ಲಿ ಇಂಥ ಗಾಯಕ್ಕೆ ಮುಖ್ಯ ಕಾರಣಗಳು ಎರಡೇ: ಎತ್ತರದಿಂದ ಬೀಳುವುದು ಮತ್ತು ರಸ್ತೆ ಅಪಘಾತ. ಕಾಲಿನ ಸ್ವಾಧೀನ ತಪ್ಪಿದವರ ಮನೆಗೆ ಕೆಲವೇ ವಾರಗಳಲ್ಲಿ ‘ಸ್ಟೆಮ್ ಸೆಲ್ ಹಾಕಿಸಿದರೆ ನಡೆಯುತ್ತಾರಂತೆ’ ಎಂಬ ಮಾತೂ ಬಂದು ಮುಟ್ಟುತ್ತದೆ. ಹೊಲ ಮಾರುವ ಮೊದಲು ಆ ಮಾತನ್ನು ತೂಗಿ ನೋಡಬೇಕು.

ಕೈಕಾಲಿನ ನರ ಕತ್ತರಿಸಿದರೆ ನಿಧಾನವಾಗಿಯಾದರೂ ಚಿಗುರಬಲ್ಲದು. ಬೆನ್ನುಹುರಿಯ ಎಳೆಗಳು ಹಾಗಲ್ಲ. ಗಾಯವಾದ ಜಾಗ ಕಲೆಗಟ್ಟುತ್ತದೆ, ಸುತ್ತಲಿನ ರಾಸಾಯನಿಕಗಳೂ ಬೆಳವಣಿಗೆಯನ್ನು ತಡೆಯುತ್ತವೆ. ಆದರೆ ಹುರಿ ಪೂರ್ತಿ ಹರಿಯದೆ ಕೆಲವು ಎಳೆ ಉಳಿದಿದ್ದರೆ, ಯಾವ ಹೊಸ ಚಿಕಿತ್ಸೆಯೂ ಇಲ್ಲದೆ ಮೊದಲ ತಿಂಗಳುಗಳಲ್ಲಿ ಒಂದಿಷ್ಟು ಶಕ್ತಿ ಮರಳುವುದುಂಟು.

ಆದ್ದರಿಂದ ಮೊದಲು ಗಾಯದ ದರ್ಜೆ ತಿಳಿಯಬೇಕು. ವೈದ್ಯರು ದೇಹದ ಎರಡೂ ಬದಿಯಲ್ಲಿ ತಲಾ 28 ಕಡೆ ಹತ್ತಿ ಮುಟ್ಟಿಸಿ, ಪಿನ್ನು ಚುಚ್ಚಿ ಸ್ಪರ್ಶ ನೋಡುತ್ತಾರೆ. ತಲಾ 10 ಸ್ನಾಯುಗಳಿಗೆ 0ರಿಂದ 5ರವರೆಗೆ ಅಂಕ ಕೊಡುತ್ತಾರೆ. ಕೊನೆಗೆ ಎ ಯಿಂದ ಇ ವರೆಗೆ ಒಂದು ದರ್ಜೆ ಬರೆಯುತ್ತಾರೆ. ಎ ಎಂದರೆ ಪೂರ್ಣ ಗಾಯ. ಆ ಹಾಳೆಯ ನಕಲನ್ನು ಕೇಳಿ ಇಟ್ಟುಕೊಳ್ಳಿ.

ಈಗ ಎರಡು ಸುದ್ದಿಗಳನ್ನು ನೋಡೋಣ. ಜಪಾನಿನ ಕೀಯೋ ವಿಶ್ವವಿದ್ಯಾಲಯ ನಾಲ್ವರಿಗೆ ಐಪಿಎಸ್ ಕೋಶಗಳಿಂದ (ಸಾಮಾನ್ಯ ಕೋಶಗಳನ್ನು ಮರುರೂಪಿಸಿ ಪಡೆದ ಸ್ಟೆಮ್ ಸೆಲ್) ಬೆಳೆಸಿದ ನರದ ಪೂರ್ವಕೋಶಗಳನ್ನು ಹಾಕಿತು. ಇಬ್ಬರ ಚಲನೆ ಸುಧಾರಿಸಿತೆಂದು 2025ರಲ್ಲಿ ಪ್ರಕಟಿಸಿತು. ಆದರೆ ಅವರೆಲ್ಲ ಗಾಯವಾಗಿ ಕೆಲವೇ ವಾರ ಕಳೆದವರು, ಹೋಲಿಸಲು ಬೇರೆ ಗುಂಪೂ ಇರಲಿಲ್ಲ. ಸುಧಾರಣೆ ತಾನಾಗಿ ಬಂದದ್ದೋ ಕೋಶಗಳಿಂದಲೋ ಎಂದು ಇದರಿಂದಲೇ ಹೇಳಲಾಗದು. ಎರಡನೆಯದು, ಚರ್ಮದ ಮೇಲಿಂದ ಬೆನ್ನುಹುರಿಗೆ ವಿದ್ಯುತ್ ಪ್ರಚೋದನೆ ಕೊಡುವ ಆರ್ಕ್-ಇಎಕ್ಸ್ ಸಾಧನ. ಗಾಯವಾಗಿ ವರ್ಷ ದಾಟಿದ 60 ಜನರಿಗೆ ಮೊದಲು ಬರೀ ವ್ಯಾಯಾಮ ಮಾಡಿಸಿ, ನಂತರ ಸಾಧನ ಸೇರಿಸಿದರು. 72% ಜನರ ಕೈಯ ಬಲ ಮತ್ತು ಬಳಕೆ ಎರಡೂ ಹೆಚ್ಚಿತು. 2024ರ ಡಿಸೆಂಬರಿನಲ್ಲಿ ಅಮೆರಿಕ ಅನುಮತಿ ಕೊಟ್ಟದ್ದು ಕೈಯ ಸುಧಾರಣೆಗೆ, ನಡಿಗೆಗಲ್ಲ.

ಹಾಗಾಗಿ ಯಾರೇ ಚಿಕಿತ್ಸೆ ಹೇಳಿದರೂ ಕೇಳಿ: ನಮ್ಮ ದರ್ಜೆಯ, ಇಷ್ಟೇ ಹಳೆಯ ಗಾಯದವರ ಮೇಲೆ ಪರೀಕ್ಷೆ ನಡೆದಿದೆಯೇ? ಹೋಲಿಕೆ ಗುಂಪು ಇತ್ತೇ? ಸುಧಾರಿಸಿದ್ದು ಏನು: ಬೆರಳೋ, ಮೂತ್ರದ ಹಿಡಿತವೋ, ನಡಿಗೆಯೋ? ಸಿಟಿಆರ್‌ಐ (ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆ) ನೋಂದಣಿ ಸಂಖ್ಯೆ ಎಲ್ಲಿ? ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಬೆನ್ನುಹುರಿಗೆ ಸ್ಟೆಮ್ ಸೆಲ್ ಕೊಡುವುದು ಪ್ರಯೋಗದೊಳಗೆ ಮಾತ್ರ ಸಲ್ಲುತ್ತದೆ. ಲಕ್ಷಗಟ್ಟಲೆ ಬಿಲ್ ಕೈಗಿತ್ತರೆ ಅದು ಪ್ರಯೋಗವಲ್ಲ, ವ್ಯಾಪಾರ.

ಈ ನಡುವೆ ಪುನಶ್ಚೇತನ ನಿಲ್ಲಬಾರದು. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಶುಚಿಯಾಗಿ ಕ್ಯಾಥೆಟರ್ ಹಾಕುವುದು, ಕೀಲು ಬಿಗಿಯದಂತೆ ವ್ಯಾಯಾಮ ಮಾಡಿಸುವುದು: ಜೀವ ಉಳಿಸುವುದು ಇವೇ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1966ರಿಂದ ಪುನಶ್ಚೇತನ ಕೇಂದ್ರವಿದೆ. ಅದರ ಸ್ಥಾಪನೆಯ ಹಿಂದಿದ್ದ ಡಾ. ಮೇರಿ ವರ್ಗೀಸ್ ಸ್ವತಃ ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದವರು. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ, ಅಂಗವಿಕಲರಿಗಾಗಿ ದುಡಿಯುವ ಎಪಿಡಿ ಸಂಸ್ಥೆಯಿದೆ. ನಾಳೆ ನಿಜವಾದ ಚಿಕಿತ್ಸೆ ಬಂದಾಗ ಅದರ ಲಾಭ ಸಿಗುವುದು ಇಂದು ಗಟ್ಟಿಯಾಗಿಟ್ಟುಕೊಂಡ ದೇಹಕ್ಕೆ. ಕೈಯಲ್ಲಿರುವ ಹಣವನ್ನು ಮೊದಲು ಪುನಶ್ಚೇತನಕ್ಕೇ ಖರ್ಚು ಮಾಡಿ.